ಚಕ್ರದ ಮೇಲಿನ ಮನೆಯಲ್ಲಿ ದೀಪ ಆರಿದಾಗ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಹುಭಾಗ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೇಸಿಗೆಯಲ್ಲಿಯೂ ಅಲ್ಲಿನ ರಾತ್ರಿಯ ಉಷ್ಣಾಂಶ ಶೂನ್ಯದ ಸಮೀಪಕ್ಕೆ ಇಳಿಯುವುದುಂಟು. ಅಂಥ ಒಂದು ರಾತ್ರಿ, ಬಾಡಿಗೆಗೆ ಪಡೆದ ಮೋಟಾರ್‌ಹೋಮಿನಲ್ಲಿ ಒಂದು ಕುಟುಂಬ ಮಲಗಿದೆ ಎಂದಿಟ್ಟುಕೊಳ್ಳಬಹುದು. ಮಕ್ಕಳಿದ್ದಾರೆ, ಮಗನ ಮನೆಗೆಂದು ಊರಿನಿಂದ ಬಂದ ವೃದ್ಧ ತಂದೆ-ತಾಯಿ ಇದ್ದಾರೆ. ಬೆಳಗಿನ ಜಾವ ಎರಡು ಗಂಟೆಗೆ ಗ್ಯಾಸ್ ಹೀಟರಿನ ಫ್ಯಾನ್ ಗೊರ್ರೆಂದು ತಿರುಗಿ ನಿಲ್ಲುತ್ತದೆ. ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಜ್ವಾಲೆ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಯಜಮಾನ ಗ್ಯಾಸಿನ ಟ್ಯಾಂಕ್ ನೋಡುತ್ತಾನೆ. ಮುಕ್ಕಾಲು ಪಾಲು ತುಂಬಿದೆ. ಹಾಗಿದ್ದರೆ ಹೀಟರೇ ಕೆಟ್ಟಿರಬೇಕೆಂದು ತೀರ್ಮಾನಿಸಿ ಅದರ ಮುಚ್ಚಳ ಬಿಚ್ಚತೊಡಗುತ್ತಾನೆ.

ಹೀಟರ್ ಕೆಟ್ಟಿಲ್ಲ. ಬ್ಯಾಟರಿ ಬರಿದಾಗಿದೆ. ಉರಿಯುವುದು ಗ್ಯಾಸಿನಿಂದಲೇ ಆದರೂ ಹೀಟರಿನ ಫ್ಯಾನ್ ತಿರುಗುವುದು 12 ವೋಲ್ಟಿನ ಬ್ಯಾಟರಿಯಿಂದ. ಫ್ಯಾನಿನ ಗಾಳಿಗೆ ವಾಲುವ ಪುಟ್ಟ ತಗಡಿನ ಸ್ವಿಚ್ಚೊಂದು ಒಳಗಿದೆ. ಗಾಳಿ ಸಾಕಷ್ಟು ಬಲವಾಗಿ ಬೀಸಿ ಆ ತಗಡು ವಾಲಿದರಷ್ಟೇ ಗ್ಯಾಸಿನ ಕವಾಟ ತೆರೆಯುತ್ತದೆ. ಹೊಗೆ ಹೊರಹೋಗದೆ ಒಳಗೆ ತುಂಬಬಾರದೆಂಬ ಮುನ್ನೆಚ್ಚರಿಕೆ ಇದು. ವೋಲ್ಟೇಜ್ ಕುಸಿದರೆ ಫ್ಯಾನ್ ನಿಧಾನವಾಗುತ್ತದೆ, ತಗಡು ವಾಲುವುದಿಲ್ಲ, ಗ್ಯಾಸ್ ಬರುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಮೋಟಾರ್‌ಹೋಮಿನ ವಿದ್ಯುತ್ ದೋಷಗಳಿಗೆ ಹೊಂದುವಷ್ಟು ಬೇರೆಲ್ಲಿಯೂ ಹೊಂದಲಾರದು. ಲಕ್ಷಣ ಕಾಣುವುದು ಒಂದು ಕಡೆ, ರೋಗ ಇರುವುದು ಇನ್ನೊಂದು ಕಡೆ. ಆದುದರಿಂದ ‘ಏನು ಕೆಟ್ಟಿದೆ’ ಎಂಬ ಪ್ರಶ್ನೆಗಿಂತ ‘ಯಾವ ವ್ಯವಸ್ಥೆಯಲ್ಲಿ ಕೆಟ್ಟಿದೆ’ ಎಂಬ ಪ್ರಶ್ನೆ ಮೊದಲು ಬರಬೇಕು. ಅದಕ್ಕೆ ಉತ್ತರ ಊಹೆಯಿಂದ ದೊರೆಯುವುದಿಲ್ಲ, ಅಳತೆಯಿಂದ ದೊರೆಯುತ್ತದೆ.

ಒಂದು ವಾಹನ, ಮೂರು ವ್ಯವಸ್ಥೆ

ಮೋಟಾರ್‌ಹೋಮ್ ಎಂದರೆ ಲಾರಿ, ಬಸ್ಸು ಅಥವಾ ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಪುಟ್ಟ ಮನೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನ್ನೆಬೇಗೊ ಸಂಸ್ಥೆ 1966ರಲ್ಲಿ ಇವುಗಳ ತಯಾರಿಕೆಗೆ ಇಳಿದ ಬಳಿಕ ಅಮೆರಿಕದ ಸಾಮಾನ್ಯ ಕುಟುಂಬಗಳಿಗೂ ಈ ವಾಹನ ಪರಿಚಿತವಾಯಿತು. ಇಂದು ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ಬೇಸಿಗೆ ರಜೆಯಲ್ಲಿ ಇದನ್ನು ಬಾಡಿಗೆಗೆ ಪಡೆದು ಉದ್ಯಾನಗಳತ್ತ ಹೊರಡುತ್ತವೆ. ಬಾಡಿಗೆಗೆ ಕೊಡುವವರು ಹದಿನೈದು ನಿಮಿಷಗಳಲ್ಲಿ ಎಲ್ಲವನ್ನೂ ತೋರಿಸಿ ಕೀಲಿಕೈ ಒಪ್ಪಿಸುತ್ತಾರೆ. ಆ ಹದಿನೈದು ನಿಮಿಷಗಳಲ್ಲಿ ಗ್ರಹಿಸಲಾಗದ ಸಂಗತಿಯೆಂದರೆ, ಆ ವಾಹನದಲ್ಲಿರುವುದು ಒಂದು ವಿದ್ಯುತ್ ವ್ಯವಸ್ಥೆಯಲ್ಲ, ಮೂರು.

ಮೊದಲನೆಯದು ವಾಹನದ್ದು. ಎಂಜಿನ್ ಚಾಲೂ ಮಾಡುವ ಬ್ಯಾಟರಿ, ಹೆಡ್‌ಲೈಟ್, ಹಾರ್ನ್, ವೈಪರ್‌ಗಳು ಇದರ ಪಾಲಿಗೆ. ಎರಡನೆಯದು ಮನೆಯದು. ಇದೂ 12 ವೋಲ್ಟಿನದೇ, ಆದರೆ ಬ್ಯಾಟರಿ ಬೇರೆ. ಒಳಗಿನ ದೀಪ, ನೀರಿನ ಪಂಪು, ಹೀಟರಿನ ಫ್ಯಾನ್, ಫ್ರಿಜ್ಜಿನ ನಿಯಂತ್ರಣ ಫಲಕ, ಗ್ಯಾಸ್ ಸೋರಿಕೆಯ ಎಚ್ಚರಿಕೆ ಗಂಟೆ ಇವೆಲ್ಲ ಇದನ್ನು ಅವಲಂಬಿಸಿವೆ. ಮೂರನೆಯದು 120 ವೋಲ್ಟಿನ ಪರ್ಯಾಯ ವಿದ್ಯುತ್. ಹವಾನಿಯಂತ್ರಕ, ಮೈಕ್ರೋವೇವ್, ಗೋಡೆಯ ಸಾಕೆಟ್ಟುಗಳು ಇದರಿಂದ ನಡೆಯುತ್ತವೆ. ವಾಹನ ನಿಲ್ಲುವ ತಾಣದ ವಿದ್ಯುತ್ ಕಂಬದಿಂದಾಗಲೀ ವಾಹನದ ಸ್ವಂತ ಜನರೇಟರಿನಿಂದಾಗಲೀ ಇದು ಬರುತ್ತದೆ.

ಈ ಮೂರರ ನಡುವೆ ಸೇತುವೆಗಳಿವೆ. 120 ವೋಲ್ಟಿನ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸಿ ಮನೆಯ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಕನ್ವರ್ಟರ್. ಬ್ಯಾಟರಿಯ 12 ವೋಲ್ಟನ್ನು 120ಕ್ಕೆ ಏರಿಸುವುದು ಇನ್ವರ್ಟರ್. ಎಂಜಿನ್ ಓಡುವಾಗ ಅದರ ಆಲ್ಟರ್ನೇಟರಿನಿಂದ ಮನೆಯ ಬ್ಯಾಟರಿಗೂ ವಿದ್ಯುತ್ ಹರಿಸಿ, ಎಂಜಿನ್ ನಿಂತಾಗ ಎರಡು ಬ್ಯಾಟರಿಗಳನ್ನೂ ಬೇರ್ಪಡಿಸುವುದು ಐಸೊಲೇಟರ್. ಕಂಬದ ವಿದ್ಯುತ್ತೋ ಜನರೇಟರಿನದೋ ಎಂದು ಆಯ್ದುಕೊಳ್ಳುವುದು ಟ್ರಾನ್ಸ್‌ಫರ್ ಸ್ವಿಚ್.

ಇಷ್ಟು ತಿಳಿದಿದ್ದರೆ ಪತ್ತೆಕಾರ್ಯ ಅರ್ಧ ಮುಗಿದಂತೆ. ಎಂಜಿನ್ ಚಾಲೂ ಆಗುತ್ತದೆ, ಒಳಗಿನ ದೀಪ ಮಾತ್ರ ಉರಿಯುವುದಿಲ್ಲ ಎಂದಾದರೆ ದೋಷ ಎರಡನೆಯ ವ್ಯವಸ್ಥೆಯಲ್ಲಿದೆ. ದೀಪ ಉರಿಯುತ್ತದೆ, ಮೈಕ್ರೋವೇವ್ ನಡೆಯುವುದಿಲ್ಲ ಎಂದಾದರೆ ಮೂರನೆಯದರಲ್ಲಿ. ಮೊದಲ ಎರಡು ದಿನ ಎಲ್ಲವೂ ಸರಿಯಿದ್ದು ಮೂರನೆಯ ದಿನ ದೀಪಗಳು ಮಂಕಾದರೆ ಸೇತುವೆಯೊಂದು ಕುಸಿದಿದೆ ಎಂದರ್ಥ.

ಕೈಯಲ್ಲಿರಬೇಕಾದ ಸಾಧನ

ಇದಕ್ಕೆಲ್ಲ ಬೇಕಾಗುವ ಮುಖ್ಯ ಉಪಕರಣ ಡಿಜಿಟಲ್ ಮಲ್ಟಿಮೀಟರ್. ಅದರ ಜೊತೆಗೆ ತಂತಿಯನ್ನು ಮುಟ್ಟದೆಯೇ ವಿದ್ಯುತ್ ಇರುವುದನ್ನು ಸೂಚಿಸುವ ಪೆನ್ನಿನಾಕಾರದ ಟೆಸ್ಟರ್, ಒಂದು ತಲೆದೀಪ, ವಿವಿಧ ಅಳತೆಯ ಫ್ಯೂಸುಗಳು ಮತ್ತು ಬ್ಯಾಟರಿಯ ತುದಿಗಳನ್ನು ಉಜ್ಜುವ ತಂತಿಯ ಬ್ರಷ್ ಇದ್ದರೆ ಬಹುಪಾಲು ಕೆಲಸಕ್ಕೆ ಸಾಕು.

ಕೆಲಸಕ್ಕೆ ಕೈಯಿಡುವ ಮೊದಲು ಉಂಗುರ, ಬಳೆ, ಲೋಹದ ಕೈಗಡಿಯಾರಗಳನ್ನು ತೆಗೆದಿರಿಸಬೇಕು. 12 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲವೆಂಬುದು ನಿಜ. ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಚಿನ್ನದ ಉಂಗುರ ಸಿಕ್ಕಿಕೊಂಡರೆ ನೂರಾರು ಆಂಪಿಯರ್ ಹರಿದು ಉಂಗುರ ಕೆಂಪಗೆ ಕಾಯುತ್ತದೆ. ಬ್ಯಾಟರಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬೀಳುವುದರಿಂದ ಅದರ ಬಳಿ ಕಿಡಿ, ಬೆಂಕಿ ಕೂಡದು.

ಭಾರತದಿಂದ ಹೋದವರು ನೆನಪಿಡಬೇಕಾದ ಇನ್ನೊಂದು ಸಂಗತಿ ತಂತಿಯ ಬಣ್ಣ. ನಮ್ಮ ಮನೆಗಳಲ್ಲಿ ಕಪ್ಪು ತಂತಿ ನ್ಯೂಟ್ರಲ್. ಅಮೆರಿಕದ 120 ವೋಲ್ಟಿನ ವೈರಿಂಗಿನಲ್ಲಿ ಕಪ್ಪು ತಂತಿಯೇ ಫೇಸ್, ಬಿಳಿಯದು ನ್ಯೂಟ್ರಲ್, ಹಸಿರು ಅಥವಾ ಹೊದಿಕೆಯಿಲ್ಲದ ತಾಮ್ರದ್ದು ಅರ್ಥ್. ಅದೇ ವಾಹನದ 12 ವೋಲ್ಟಿನ ಭಾಗದಲ್ಲಿ ಬಿಳಿ ತಂತಿ ಋಣ ತುದಿಯದಾಗಿರಬಹುದು. ಬಣ್ಣವನ್ನು ನಂಬಿ ಕೈಯಿಡುವುದು ಅಪಾಯಕ್ಕೆ ಆಹ್ವಾನ. ಮೀಟರ್ ಹೇಳಿದ್ದನ್ನೇ ನಂಬತಕ್ಕದ್ದು.

ಮನೆಯ ದೀಪ ಆರಿದರೆ

12 ವೋಲ್ಟಿನ ಯಾವ ಉಪಕರಣವೂ ನಡೆಯದಿದ್ದರೆ ಮೊದಲು ನೋಡಬೇಕಾದುದು ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್. ಬಹುತೇಕ ಮೋಟಾರ್‌ಹೋಮುಗಳಲ್ಲಿ ಇದು ಬಾಗಿಲಿನ ಬಳಿ ಇರುತ್ತದೆ. ಒಳಬರುವಾಗ ದೀಪದ ಸ್ವಿಚ್ಚೆಂದು ಭ್ರಮಿಸಿ ಮಕ್ಕಳು ಇದನ್ನೇ ಒತ್ತಿಬಿಡುವುದು ಅಪರೂಪವೇನಲ್ಲ.

ಅದು ಸರಿಯಿದ್ದರೆ ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು. ಚಾರ್ಜರ್ ಇಲ್ಲದೆ, ಯಾವ ಉಪಕರಣವೂ ನಡೆಯದೆ ಕೆಲವು ಗಂಟೆ ವಿಶ್ರಮಿಸಿದ ಸೀಸ-ಆಮ್ಲದ ಬ್ಯಾಟರಿ 12.6 ಅಥವಾ 12.7 ವೋಲ್ಟ್ ತೋರಿಸಿದರೆ ಅದು ಪೂರ್ಣ ತುಂಬಿದೆ. 12.2ರ ಆಸುಪಾಸಿನಲ್ಲಿದ್ದರೆ ಅರ್ಧ. 12ಕ್ಕೆ ಇಳಿದರೆ ಕಾಲು ಭಾಗವಷ್ಟೇ ಉಳಿದಿದೆ. 11.8 ಎಂದರೆ ಬರಿದಾಗಿದೆಯೆಂದೇ ಲೆಕ್ಕ. ನೋಟಕ್ಕೆ 12.7ಕ್ಕೂ 11.8ಕ್ಕೂ ಒಂದು ವೋಲ್ಟಿನಷ್ಟೂ ಅಂತರವಿಲ್ಲ. ಆದರೆ ಬ್ಯಾಟರಿಯ ಇಡೀ ಶಕ್ತಿ ಆ ಸಣ್ಣ ಅಂತರದೊಳಗೇ ಅಡಗಿದೆ. ‘12 ವೋಲ್ಟ್ ಬ್ಯಾಟರಿ, 12 ವೋಲ್ಟ್ ತೋರಿಸುತ್ತಿದೆ, ಸರಿಯಾಗಿಯೇ ಇದೆ’ ಎಂಬ ಸಮಾಧಾನ ಅನೇಕರ ರಾತ್ರಿಯನ್ನು ಕೆಡಿಸಿದೆ.

ಇತ್ತೀಚಿನ ವಾಹನಗಳಲ್ಲಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಬಹುತೇಕ ಖಾಲಿಯಾಗುವವರೆಗೂ 13 ವೋಲ್ಟಿನ ಆಸುಪಾಸಿನಲ್ಲಿದ್ದು ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಒಳಹೋದ ಹೊರಬಂದ ಆಂಪಿಯರುಗಳನ್ನು ಎಣಿಸುವ ಮಾಪಕವೇ ಅದಕ್ಕೆ ಬೇಕು. ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾನಿಯಾಗುವುದರಿಂದ ಅದರೊಳಗಿನ ರಕ್ಷಣಾ ಮಂಡಲ ಚಳಿಯಲ್ಲಿ ಚಾರ್ಜ್ ಆಗುವುದನ್ನು ತಡೆಯುವುದುಂಟು. ಅದು ದೋಷವಲ್ಲ, ರಕ್ಷಣೆ.

ಬ್ಯಾಟರಿ ತುಂಬಿದ್ದೂ ಒಂದೇ ಉಪಕರಣ ನಡೆಯದಿದ್ದರೆ ಫ್ಯೂಸ್ ನೋಡಬೇಕು. ಅಲಗಿನಂಥ ಫ್ಯೂಸುಗಳ ಬಣ್ಣಕ್ಕೆ ಅರ್ಥವಿದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟ ಫ್ಯೂಸಿನ ಜಾಗದಲ್ಲಿ ಅದೇ ಬಣ್ಣದ್ದನ್ನೇ ಹಾಕತಕ್ಕದ್ದು. ಹೊಸ ಫ್ಯೂಸೂ ತಕ್ಷಣ ಸುಟ್ಟರೆ ಎಲ್ಲೋ ತಂತಿ ಉಜ್ಜಿ ಲೋಹಕ್ಕೆ ತಾಗುತ್ತಿದೆ ಎಂದು ತಿಳಿಯಬೇಕು. ಆಗ 15ರ ಬದಲು 30 ಹಾಕಿದರೆ ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ತಂತಿ ಸುಡುತ್ತದೆ. ಮರದ ಹಲಗೆ, ಫೋಮು, ಪ್ಲಾಸ್ಟಿಕ್‌ಗಳಿಂದ ಕಟ್ಟಿದ ಈ ಮನೆ ಬೆಂಕಿ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಬೂದಿಯಾಗುತ್ತದೆ.

ಬ್ಯಾಟರಿ ಬರಿದಾಗುವುದೇಕೆ?

ಬ್ಯಾಟರಿ ಬರಿದಾದರೆ ಹೊಸ ಬ್ಯಾಟರಿ ಕೊಳ್ಳುವುದು ಸಾಮಾನ್ಯ ಪ್ರತಿಕ್ರಿಯೆ. ಎರಡು ವಾರಗಳಲ್ಲಿ ಅದೂ ಬರಿದಾಗುತ್ತದೆ. ಏಕೆಂದರೆ ತಪ್ಪು ಬ್ಯಾಟರಿಯದಾಗಿರಲಿಲ್ಲ. ಅದನ್ನು ತುಂಬಬೇಕಾದ ಸೇತುವೆಯದು.

ಪರೀಕ್ಷೆ ಸರಳ. ವಾಹನವನ್ನು ವಿದ್ಯುತ್ ಕಂಬಕ್ಕೆ ಜೋಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆದಾಗ 13.2ರಿಂದ 14.4 ವೋಲ್ಟಿನೊಳಗೆ ಕಾಣಬೇಕು. 12.4ರಲ್ಲಿಯೇ ನಿಂತು ಮೆಲ್ಲನೆ ಇಳಿಯುತ್ತಿದ್ದರೆ ಕನ್ವರ್ಟರಿನಿಂದ ವಿದ್ಯುತ್ ಬರುತ್ತಿಲ್ಲ. ಅದರ ಬ್ರೇಕರ್ ಬಿದ್ದಿರಬಹುದು. ಯಾರೋ ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿದ ಕ್ಷಣದಲ್ಲಿ ಅದರ ರಕ್ಷಣಾ ಫ್ಯೂಸುಗಳು ಸುಟ್ಟಿರಬಹುದು. ಅಥವಾ ಅದು ನಿಜಕ್ಕೂ ಕೆಟ್ಟಿರಬಹುದು. ಕನ್ವರ್ಟರ್ ಸದ್ದಿಲ್ಲದೆ ಸಾಯುತ್ತದೆ. ಬ್ಯಾಟರಿಯಲ್ಲಿ ಶಕ್ತಿಯಿರುವಷ್ಟು ಹೊತ್ತು ದೀಪಗಳು ಎಂದಿನಂತೆ ಉರಿಯುವುದರಿಂದ ಅದರ ಸಾವು ಒಂದೆರಡು ದಿನ ಯಾರಿಗೂ ತಿಳಿಯುವುದಿಲ್ಲ.

ಹಾಗೆಯೇ ಎಂಜಿನ್ ಓಡುತ್ತಿರುವಾಗ ಮನೆಯ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ಕ್ಕಿಂತ ಹೆಚ್ಚು ಕಾಣಬೇಕು. ವಾಹನದ ಬ್ಯಾಟರಿಯಲ್ಲಿ 14 ಇದ್ದು ಮನೆಯದರಲ್ಲಿ 12.3 ಮಾತ್ರ ಇದ್ದರೆ ನಡುವಿನ ಐಸೊಲೇಟರ್ ಕೆಲಸ ಮಾಡುತ್ತಿಲ್ಲ.

ಎಲ್ಲವೂ ಸರಿಯಿದ್ದು, ವಾಹನ ಸುಮ್ಮನೆ ನಿಂತಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಕಾಣದ ಕಳ್ಳನೊಬ್ಬನಿದ್ದಾನೆ. ಗ್ಯಾಸ್ ಎಚ್ಚರಿಕೆ ಗಂಟೆ, ರೇಡಿಯೋದ ಗಡಿಯಾರ, ವಿದ್ಯುತ್ ಮೆಟ್ಟಿಲಿನ ನಿಯಂತ್ರಕ ಇವು ಸದಾ ಸ್ವಲ್ಪ ವಿದ್ಯುತ್ ಹೀರುತ್ತಲೇ ಇರುತ್ತವೆ. ಎಲ್ಲ ಸೇರಿ ಅರ್ಧ ಆಂಪಿಯರ್ ಆದರೂ ದಿನಕ್ಕೆ 12 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕೇ ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ.

ತುಕ್ಕು ಹಿಡಿದ ಬೋಲ್ಟಿನ ಕಥೆ

ಮೋಟಾರ್‌ಹೋಮ್ ಚಲಿಸುವ ಮನೆ. ದಿನವಿಡೀ ಅದರ ಪ್ರತಿಯೊಂದು ಸ್ಕ್ರೂ, ಪ್ರತಿಯೊಂದು ಬೋಲ್ಟು ನಡುಗುತ್ತದೆ; ಮಳೆ, ಧೂಳು, ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ಅಡಿಯಿಂದ ಮೆತ್ತಿಕೊಳ್ಳುತ್ತದೆ. ಹೀಗಾಗಿ ಉಪಕರಣ ಕೆಡುವುದಕ್ಕಿಂತ ಹೆಚ್ಚಾಗಿ ಜೋಡಣೆಗಳು ಕೆಡುತ್ತವೆ. ಅದರಲ್ಲಿಯೂ ಬ್ಯಾಟರಿಯ ಋಣ ತುದಿಯನ್ನು ಚಾಸಿಯ ಕಬ್ಬಿಣಕ್ಕೆ ಬಿಗಿದ ಬೋಲ್ಟು ಮುಖ್ಯ ಅಪರಾಧಿ.

ಈ ದೋಷದ ಲಕ್ಷಣಗಳು ದಿಕ್ಕು ತಪ್ಪಿಸುವಂಥವು. ಪಂಪು ಚಾಲೂ ಮಾಡಿದರೆ ದೀಪ ಮಂಕಾಗುತ್ತದೆ. ಒಂದು ಸ್ವಿಚ್ ಒತ್ತಿದರೆ ಇನ್ನೊಂದು ದೀಪ ಮಿನುಗುತ್ತದೆ. ಬ್ಯಾಟರಿಯ ತುದಿಯಲ್ಲಿ 12.6 ವೋಲ್ಟ್ ಇರುವುದರಿಂದ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ಇಲ್ಲಿ ಉಪಕರಣ ನಡೆಯುತ್ತಿರುವಾಗಲೇ ಅಳೆಯಬೇಕು. ಪಂಪು, ಫ್ಯಾನುಗಳನ್ನು ಚಾಲೂ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಚಾಸಿಯ ಶುಭ್ರ ಲೋಹಕ್ಕೂ ಹಿಡಿಯಬೇಕು. ಒಂದು ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು ಕಂಡರೆ ಚಿಂತೆಯಿಲ್ಲ. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಆ ಜೋಡಣೆಯೇ ವಿದ್ಯುತ್ತನ್ನು ನುಂಗುತ್ತಿದೆ. ಬೋಲ್ಟು ಬಿಚ್ಚಿ, ತುಕ್ಕು ಉಜ್ಜಿ, ಮರಳಿ ಬಿಗಿದರೆ ಮುಗಿಯಿತು. ಖರ್ಚು ಒಂದು ಉಪ್ಪುಕಾಗದ, ಕಾಲು ಗಂಟೆ.

ಕಂಬದ ವಿದ್ಯುತ್ತಿನ ಲೆಕ್ಕ

ಅಮೆರಿಕದ ವಾಹನ ತಾಣಗಳ ಕಂಬಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಂಪರ್ಕಗಳಿರುತ್ತವೆ. ಮೂರು ಕಡ್ಡಿಗಳ 30 ಆಂಪಿಯರಿನ ಸಾಕೆಟ್ಟಿನಿಂದ ದೊರೆಯುವುದು 120 ವೋಲ್ಟಿನಲ್ಲಿ 3,600 ವಾಟ್. ನಾಲ್ಕು ಕಡ್ಡಿಗಳ 50 ಆಂಪಿಯರಿನ ಸಾಕೆಟ್ಟಿನಲ್ಲಿ 120 ವೋಲ್ಟಿನ ಎರಡು ಫೇಸುಗಳಿದ್ದು ಒಟ್ಟು 12,000 ವಾಟ್ ದೊರೆಯುತ್ತದೆ. 30 ಮತ್ತು 50ರ ನಡುವಿನ ವ್ಯತ್ಯಾಸ ಸುಮಾರು 1.7 ಪಟ್ಟಿನದಲ್ಲ, ಮೂರೂಕಾಲು ಪಟ್ಟಿಗೂ ಹೆಚ್ಚಿನದು ಎಂಬುದು ಗಮನಾರ್ಹ.

30 ಆಂಪಿಯರಿನ ವಾಹನದಲ್ಲಿ ಹವಾನಿಯಂತ್ರಕ ಸುಮಾರು 14 ಆಂಪಿಯರ್ ಎಳೆಯುತ್ತದೆ. ಮೈಕ್ರೋವೇವ್ 12ರಷ್ಟು. ನೀರು ಕಾಯಿಸುವ ವಿದ್ಯುತ್ ಹೀಟರ್ ಇನ್ನೊಂದು 12. ಮೂರೂ ಸೇರಿದರೆ 38. ಬ್ರೇಕರ್ ಬಿದ್ದರೆ ಅದು ಕೆಟ್ಟಿದೆಯೆಂದಲ್ಲ, ಲೆಕ್ಕ ಸರಿಯಾಗಿ ಮಾಡಿದೆಯೆಂದರ್ಥ.

ಇದಕ್ಕಿಂತ ಕಷ್ಟದ ಸಮಸ್ಯೆ ಕಂಬದ ವೋಲ್ಟೇಜ್ ಕುಸಿಯುವುದು. ಬೇಸಿಗೆಯ ಮಧ್ಯಾಹ್ನ ತಾಣದ ಎಲ್ಲ ವಾಹನಗಳೂ ಹವಾನಿಯಂತ್ರಕ ಚಾಲೂ ಮಾಡಿದಾಗ ಹಳೆಯ ವೈರಿಂಗಿನ ಕೊನೆಯ ಕಂಬಗಳಿಗೆ 105 ವೋಲ್ಟೂ ಬಾರದಿರಬಹುದು. ಆಗ ಕಂಪ್ರೆಸರಿನ ಮೋಟಾರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗಿ ಕೊನೆಗೆ ಸುಡುತ್ತದೆ. ವಾಹನ ಜೋಡಿಸುವ ಮುನ್ನ ಅಳೆದು, ಜೋಡಿಸಿದ ಬಳಿಕ ಮಧ್ಯಾಹ್ನ ಇನ್ನೊಮ್ಮೆ ಅಳೆಯುವುದು ಲೇಸು. ವೋಲ್ಟೇಜ್ ಮಿತಿ ಮೀರಿದಾಗ ತಾನಾಗಿ ಸಂಪರ್ಕ ಕಡಿಯುವ ರಕ್ಷಣಾ ಪೆಟ್ಟಿಗೆಗಳೂ ದೊರೆಯುತ್ತವೆ.

50 ಆಂಪಿಯರಿನ ಸಂಪರ್ಕದಲ್ಲಿ ಇನ್ನೊಂದು ಅಪಾಯವಿದೆ. ಎರಡು ಫೇಸುಗಳ ನಡುವೆ 240 ವೋಲ್ಟ್ ಇರುತ್ತದೆ. ನಡುವಿನ ನ್ಯೂಟ್ರಲ್ ತಂತಿಯೇ ಎರಡೂ ಬದಿಗಳನ್ನು 120ರಲ್ಲಿ ಹಿಡಿದಿಡುತ್ತದೆ. ನ್ಯೂಟ್ರಲ್ ಸಡಿಲವಾದರೆ ಒಂದು ಬದಿಗೆ 120ಕ್ಕಿಂತ ಬಹಳ ಹೆಚ್ಚು, ಇನ್ನೊಂದಕ್ಕೆ ಬಹಳ ಕಡಿಮೆ ಹೋಗುತ್ತದೆ. ಕೆಲವು ದೀಪಗಳು ಒಮ್ಮೆಲೇ ಪ್ರಖರವಾಗಿ ಇನ್ನು ಕೆಲವು ಮಂಕಾದರೆ ಕಾರಣ ಹುಡುಕುತ್ತ ನಿಲ್ಲಬಾರದು. ಮೊದಲು ಮುಖ್ಯ ಬ್ರೇಕರ್ ಆರಿಸಬೇಕು.

ಸತ್ತ ಸಾಕೆಟ್, ನಿಂತ ಜನರೇಟರ್

ಸ್ನಾನಗೃಹದ ಸಾಕೆಟ್ ಸತ್ತಿದೆ; ಬ್ರೇಕರ್ ಬಿದ್ದಿಲ್ಲ. ಇಲ್ಲಿ ಹುಡುಕಬೇಕಾದುದು ಸೋರಿಕೆ ಪತ್ತೆಮಾಡುವ ಸಾಕೆಟ್. ಫೇಸಿನಲ್ಲಿ ಹೋದ ವಿದ್ಯುತ್ ನ್ಯೂಟ್ರಲಿನಲ್ಲಿ ಮರಳದೆ ಸುಮಾರು 5 ಮಿಲಿಆಂಪಿಯರಿನಷ್ಟು ಬೇರೆಡೆ ಹರಿದರೂ ಅದು ಸಂಪರ್ಕ ಕಡಿಯುತ್ತದೆ. ಅಂಥ ಒಂದೇ ಸಾಕೆಟ್ ಅಡುಗೆಮನೆ, ಸ್ನಾನಗೃಹ, ಹೊರಗೋಡೆಯ ಸಾಕೆಟ್ಟುಗಳನ್ನೆಲ್ಲ ಕಾಯುತ್ತಿರುತ್ತದೆ. ಹೊರಗಿನ ಸಾಕೆಟ್ಟಿಗೆ ಮಳೆನೀರು ಸೇರಿದರೆ ಒಳಗಿನದು ಸಾಯುವುದು ಹೀಗೆ. ಮರುಜೋಡಣೆಯ ಗುಂಡಿ ಒತ್ತಿದರೆ ಸರಿಹೋಗಬಹುದು. ಮತ್ತೆ ಮತ್ತೆ ಬಿದ್ದರೆ ಗುಂಡಿಯನ್ನು ದೂರದೆ ನೀರನ್ನು ಹುಡುಕಬೇಕು.

ಜನರೇಟರ್ ಹಠಾತ್ತನೆ ನಿಂತು ಮರಳಿ ಚಾಲೂ ಆಗದಿದ್ದರೆ ಇಂಧನದ ಮುಳ್ಳು ನೋಡಬೇಕು. ವಾಹನದ ಟ್ಯಾಂಕಿನಿಂದಲೇ ಇಂಧನ ಪಡೆಯುವ ಜನರೇಟರಿನ ಕೊಳವೆಯನ್ನು ತಳಕ್ಕೆ ಇಳಿಸಿರುವುದಿಲ್ಲ. ಟ್ಯಾಂಕಿನಲ್ಲಿ ಸುಮಾರು ಕಾಲು ಭಾಗ ಉಳಿದಾಗ ಜನರೇಟರ್ ನಿಲ್ಲುತ್ತದೆ. ಕಾಡಿನ ನಡುವೆ ಸಿಲುಕಿದವರು ಪೆಟ್ರೋಲ್ ಬಂಕ್ ತಲುಪಲೆಂದು ಹೀಗೆ ಮಾಡಲಾಗಿದೆ. ಜನರೇಟರ್ ಓಡುತ್ತಿದ್ದೂ ಒಳಗೆ ವಿದ್ಯುತ್ ಬಾರದಿದ್ದರೆ ಅರ್ಧ ನಿಮಿಷ ಕಾಯಬೇಕು. ಟ್ರಾನ್ಸ್‌ಫರ್ ಸ್ವಿಚ್ ಬೇಕೆಂದೇ ತಡಮಾಡುತ್ತದೆ. ಅನಂತರವೂ ಬಾರದಿದ್ದರೆ ಜನರೇಟರಿನ ಮೈಮೇಲಿರುವ ಬ್ರೇಕರ್ ನೋಡಬೇಕು.

ಬಾಗಿಲ ಹಿಡಿ ಜುಮ್ಮೆಂದರೆ

ಇಲ್ಲಿಯವರೆಗಿನವು ತೊಂದರೆಗಳು. ಮುಂದಿನ ಎರಡು ಪ್ರಾಣಕ್ಕೆರವಾಗುವಂಥವು.

ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಎಂದಿಗೂ ಲಘುವಾಗಿ ಪರಿಗಣಿಸಕೂಡದು. ಮೋಟಾರ್‌ಹೋಮ್ ರಬ್ಬರಿನ ಟೈರುಗಳ ಮೇಲೆ ನಿಂತಿರುವುದರಿಂದ ಅದಕ್ಕೆ ನೆಲದೊಂದಿಗೆ ಸಂಪರ್ಕವಿಲ್ಲ. ಒಳಗೆಲ್ಲೋ ಫೇಸ್ ತಂತಿ ಲೋಹಕ್ಕೆ ತಾಗಿದರೆ ಆ ವಿದ್ಯುತ್ತನ್ನು ಮರಳಿ ಒಯ್ಯಬೇಕಾದುದು ಕಂಬಕ್ಕೆ ಹೋಗುವ ಅರ್ಥ್ ತಂತಿಯೊಂದೇ. ಆ ತಂತಿ ತುಂಡಾಗಿದ್ದರೆ, ಅಥವಾ ಅಗ್ಗದ ಎಕ್ಸ್‌ಟೆನ್ಷನ್ ವೈರಿನ ಅರ್ಥ್ ಕಡ್ಡಿಯನ್ನು ಯಾರೋ ಮುರಿದು ಹಾಕಿದ್ದರೆ, ಇಡೀ ವಾಹನದ ಲೋಹದ ಮೈ ವಿದ್ಯುತ್ತಿನಿಂದ ತುಂಬಿ ನಿಂತಿರುತ್ತದೆ. ಒಳಗಿರುವವರಿಗೆ ಏನೂ ತಿಳಿಯುವುದಿಲ್ಲ. ಒಂದು ಕಾಲು ಒದ್ದೆ ನೆಲದಲ್ಲಿಟ್ಟು ಕೈಯಿಂದ ವಾಹನ ಮುಟ್ಟುವವರ ಮೂಲಕ ಅದು ಭೂಮಿಗೆ ಹರಿಯುತ್ತದೆ.

ಹೀಗಾದಾಗ ವಾಹನವನ್ನು ಮತ್ತೊಮ್ಮೆ ಮುಟ್ಟದೆ, ಯಾರನ್ನೂ ಹತ್ತಿಳಿಯಲು ಬಿಡದೆ, ಕಂಬದ ಬ್ರೇಕರ್ ಆರಿಸಬೇಕು. ಬಳಿಕವೇ ವೈರು ಕಳಚಬೇಕು. ಅರ್ಥ್ ಸಂಪರ್ಕ ಸರಿಯಾಗುವವರೆಗೆ ಮರಳಿ ಜೋಡಿಸಬಾರದು. ಹೊಸ ತಾಣದಲ್ಲಿ ವಾಹನ ಜೋಡಿಸಿದೊಡನೆ ಮುಟ್ಟದೆ ಪರೀಕ್ಷಿಸುವ ಪೆನ್ನನ್ನು ಅದರ ಲೋಹದ ಮೈಯ ಬಳಿ ಹಿಡಿದು ನೋಡುವುದು ಎರಡು ಸೆಕೆಂಡಿನ ಕೆಲಸ.

ಸ್ವಂತ ಮನೆಯಂಗಳದಲ್ಲಿ ಸಾಕೆಟ್ ಹಾಕಿಸುವವರಿಗೂ ಒಂದು ಎಚ್ಚರಿಕೆ ಅಗತ್ಯ. ಮೋಟಾರ್‌ಹೋಮಿನ 30 ಆಂಪಿಯರಿನ ಸಾಕೆಟ್ ನೋಡಲು ಅಮೆರಿಕದ ಹಳೆಯ ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟನ್ನು ಹೋಲುತ್ತದೆ. ಅದನ್ನೇ ನೆನಪಿಟ್ಟು ಎಲೆಕ್ಟ್ರಿಷಿಯನ್ 240 ವೋಲ್ಟ್ ಜೋಡಿಸಿದರೆ ಒಳಗಿನ ಉಪಕರಣಗಳೆಲ್ಲ ಕ್ಷಣಾರ್ಧದಲ್ಲಿ ಸುಡುತ್ತವೆ. ‘30 ಆಂಪಿಯರ್’ ಎಂದಷ್ಟೇ ಹೇಳದೆ ‘120 ವೋಲ್ಟ್’ ಎಂದೂ ಸ್ಪಷ್ಟವಾಗಿ ಹೇಳಬೇಕು, ಜೋಡಿಸುವ ಮುನ್ನ ಅಳೆಯಬೇಕು.

ಎರಡನೆಯ ಅಪಾಯ ಇಂಗಾಲದ ಮಾನಾಕ್ಸೈಡ್. ವಿದ್ಯುತ್ ಕೈಕೊಟ್ಟ ಚಳಿಯ ರಾತ್ರಿಯಲ್ಲಿ ಗ್ಯಾಸ್ ಒಲೆ ಹೊತ್ತಿಸಿ ಕಿಟಕಿ ಮುಚ್ಚಿ ಮಲಗುವುದು, ಅಥವಾ ಸಣ್ಣ ಜನರೇಟರನ್ನು ಕಿಟಕಿಯ ಕೆಳಗಿಟ್ಟು ಓಡಿಸುವುದು ಸಾವಿಗೆ ದಾರಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳುವುದೇ ಇಲ್ಲ. ವಿದ್ಯುತ್ ದೋಷ ತಾನಾಗಿ ಯಾರನ್ನೂ ಕೊಲ್ಲದಿರಬಹುದು. ಅದರಿಂದ ಪಾರಾಗಲು ಆತುರದಲ್ಲಿ ಹಿಡಿದ ಅಡ್ಡದಾರಿ ಕೊಲ್ಲುತ್ತದೆ.

ನಮ್ಮ ರಸ್ತೆಗಳಲ್ಲಿ

ನೆರೆಯ ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಹೆಸರಿನಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಕರ್ನಾಟಕದಲ್ಲಿಯೂ ಮಲೆನಾಡು, ಕೊಡಗು, ಕರಾವಳಿಯ ಪ್ರವಾಸಕ್ಕೆ ಇಂಥ ವಾಹನಗಳು ಬಾಡಿಗೆಗೆ ದೊರೆಯುತ್ತವೆ. ವ್ಯವಸ್ಥೆಯ ತತ್ವ ಒಂದೇ: ವಾಹನದ್ದೊಂದು, ಮನೆಯದೊಂದು, ಹೊರಗಿನದೊಂದು. ಹೊರಗಿನದು ಇಲ್ಲಿ 230 ವೋಲ್ಟ್ ಎಂಬುದಷ್ಟೇ ವ್ಯತ್ಯಾಸ. ಶಾಕಿನ ಅಪಾಯವೂ ಅಷ್ಟೇ ಹೆಚ್ಚು.

ಅಮೆರಿಕದಂಥ ಕಂಬಗಳು ಇಲ್ಲಿ ವಿರಳ. ಹೋಂಸ್ಟೇ, ತೋಟದ ಮನೆ, ಕಲ್ಯಾಣ ಮಂಟಪದ ಸಾಕೆಟ್ಟಿನಿಂದಲೇ ವೈರು ಎಳೆಯುವುದು ರೂಢಿ. 16 ಆಂಪಿಯರಿನ ದೊಡ್ಡ ಸಾಕೆಟ್ಟಿನಿಂದ 3,680 ವಾಟ್ ದೊರೆಯುತ್ತದೆ. ಅಮೆರಿಕದ 30 ಆಂಪಿಯರಿಗೆ ಸರಿಸಮ. ಆದರೆ ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಸಾಕೆಟ್ಟಿನಿಂದ ದೊರೆಯುವುದು 1,380 ವಾಟ್ ಮಾತ್ರ. ಹವಾನಿಯಂತ್ರಕದೊಂದಿಗೆ ವಿದ್ಯುತ್ ಕೆಟಲ್ ಇಟ್ಟರೆ ಸಾಕೆಟ್ ಕರಗುತ್ತದೆ. ಮೂರು ರಂಧ್ರಗಳಿದ್ದ ಮಾತ್ರಕ್ಕೆ ಅರ್ಥ್ ಇದೆಯೆಂದು ನಂಬುವಂತಿಲ್ಲ. ಹಳೆಯ ಕಟ್ಟಡಗಳಲ್ಲಿ ಆ ಮೂರನೆಯ ರಂಧ್ರದ ಹಿಂದೆ ತಂತಿಯೇ ಇರದಿರಬಹುದು. ಫೇಸ್ ಮತ್ತು ಅರ್ಥ್ ನಡುವೆ ಅಳೆದಾಗ 230ರ ಆಸುಪಾಸು ಕಾಣದಿದ್ದರೆ ಆ ಸಾಕೆಟ್ಟಿಗೆ ವಾಹನ ಜೋಡಿಸಬಾರದು. 30 ಮಿಲಿಆಂಪಿಯರಿನ ಸೋರಿಕೆಗೆ ಬೀಳುವ ಆರ್‌ಸಿಸಿಬಿ ವಾಹನದಲ್ಲಿದೆಯೇ ಎಂದು ಬಾಡಿಗೆಗೆ ಪಡೆಯುವಾಗಲೇ ಕೇಳಿ, ಅದರ ಪರೀಕ್ಷಾ ಗುಂಡಿ ಒತ್ತಿ ನೋಡುವುದು ವಿವೇಕ.

ಮತ್ತೆ ಆ ರಾತ್ರಿ

ಯೆಲ್ಲೋಸ್ಟೋನಿನ ಚಳಿಯಲ್ಲಿ ಹೀಟರಿನ ಮುಚ್ಚಳ ಬಿಚ್ಚುತ್ತಿದ್ದ ಯಜಮಾನನ ಕೈಯಲ್ಲಿ ಮೀಟರ್ ಇದ್ದಿದ್ದರೆ ಏನಾಗುತ್ತಿತ್ತು? ಆ ಉದ್ಯಾನದ ತಾಣಗಳಲ್ಲಿ ಫಿಶಿಂಗ್ ಬ್ರಿಡ್ಜ್ ಒಂದನ್ನು ಬಿಟ್ಟರೆ ಬೇರೆಲ್ಲಿಯೂ ವಿದ್ಯುತ್ ಕಂಬಗಳಿಲ್ಲ. ಹೀಟರಿನ ಫ್ಯಾನ್ 8 ಆಂಪಿಯರಿನಂತೆ ರಾತ್ರಿಯಲ್ಲಿ ಐದು ಗಂಟೆ ಓಡಿದರೂ 40 ಆಂಪಿಯರ್-ಗಂಟೆ ಖರ್ಚು. ಸಂಜೆಯ ದೀಪ, ಪಂಪು, ಐದು ಮೊಬೈಲುಗಳ ಚಾರ್ಜು ಅದರ ಮೇಲೆ. 100 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿ ಅದನ್ನು ತಾಳಲಾರದು.

ಬ್ಯಾಟರಿಯ ತುದಿಗಳಿಗೆ ಮೀಟರ್ ಹಿಡಿದಿದ್ದರೆ ಹೀಟರಿನ ಫ್ಯಾನ್ ತಿರುಗುವಾಗ 10.9ರಂಥ ಅಂಕಿ ಕಾಣುತ್ತಿತ್ತು. ಮುಚ್ಚಳ ಬಿಚ್ಚುವ ಅಗತ್ಯವೇ ಬೀಳುತ್ತಿರಲಿಲ್ಲ. ಹೊಗೆ ಹೋಗುವ ಕೊಳವೆಗೆ ಹಿಮವಾಗಲೀ ಪೊದೆಯಾಗಲೀ ಅಡ್ಡವಿಲ್ಲವೆಂದು ನೋಡಿ, ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಿಕೊಂಡು, ಎಂಜಿನ್ ಚಾಲೂ ಮಾಡಿದ್ದರೆ ಆಲ್ಟರ್ನೇಟರ್ ಮನೆಯ ಬ್ಯಾಟರಿಯನ್ನು 13 ವೋಲ್ಟಿಗಿಂತ ಮೇಲಕ್ಕೆ ಎತ್ತುತ್ತಿತ್ತು. ಫ್ಯಾನ್ ತನ್ನ ಪೂರ್ಣ ವೇಗಕ್ಕೆ ಏರಿ, ಆ ಪುಟ್ಟ ತಗಡು ವಾಲಿ, ಟಕ್ಕೆಂದು ಜ್ವಾಲೆ ಹೊತ್ತಿಕೊಳ್ಳುತ್ತಿತ್ತು. ಕಾಲು ಗಂಟೆಯಲ್ಲಿ ಒಳಗೆ ಬೆಚ್ಚಗಾಗುತ್ತಿತ್ತು.

ಮರುದಿನ ಬೆಳಗ್ಗೆ ಮಾಡಬೇಕಾದ ಕೆಲಸ ಬೇರೆ: ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ, ಹಗಲಿನ ಪ್ರಯಾಣದಲ್ಲಿ ಅದು ತುಂಬುತ್ತಿದೆಯೇ, ಚಾಸಿಯ ಬೋಲ್ಟು ಬಿಗಿಯಾಗಿದೆಯೇ ಎಂದು ಒಂದೊಂದಾಗಿ ನೋಡುವುದು. ಎತ್ತಿಗೆ ಬಂದ ಜ್ವರವನ್ನು ಎತ್ತಿನಲ್ಲಿಯೇ ಗುರುತಿಸಿದರೆ ಎಮ್ಮೆ ಬರೆಯಿಂದ ಪಾರಾಗುತ್ತದೆ. ಮನೆಯವರು ಚಳಿಯಿಂದ ಪಾರಾಗುತ್ತಾರೆ.